ಬಚ್ಚಲಿನ ಕೆಂಪು ಕಲೆಗೆ ಯಾವುದು? ಬ್ಲೀಚಿಂಗ್ ಪೌಡರ್, ಆಸಿಡ್, ನಿಂಬೆ ಉಪ್ಪು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನಿಂಬೆ ಉಪ್ಪಿಗೆ. ಸಿಟ್ರಿಕ್ ಆಸಿಡ್ ಪುಡಿ ಅಂತ ಕೇಳಿದರೂ ಅಂಗಡಿಯಲ್ಲಿ ಅದನ್ನೇ ಕೊಡುತ್ತಾರೆ. ಇದು ಗೊತ್ತಾಗುವ ಮೊದಲು ಎರಡು ವರ್ಷ ಬೇರೆಯದಕ್ಕೆಲ್ಲ ದುಡ್ಡು ಹಾಕಿದ್ದೇನೆ. ಒಂದು ದಿನ ಉಸಿರು ಕಟ್ಟಿ ಜಗಲಿಗೆ ಓಡಿ ಬಂದದ್ದೂ ಆಗಿದೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮೊದಲು ಇದ್ದದ್ದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಬರುವ ನೀರು, ಜೊತೆಗೆ ಒಂದು ಬಾವಿ. ಬೇಸಿಗೆಗೆ ಎರಡೂ ಸಾಲದೆ ಬೋರ್‌ವೆಲ್ ಕೊರೆಸಿದೆವು. ಕಲೆ ಶುರುವಾದದ್ದು ಅಲ್ಲಿಂದ. ಬಕೆಟ್ಟಿಗೆ ಹಿಡಿಯುವಾಗ ನೀರು ತಿಳಿಯಾಗಿಯೇ ಇರುತ್ತದೆ, ಬೆಳಿಗ್ಗೆ ನೋಡಿದರೆ ಅಡಿಯಲ್ಲಿ ಕೆಂಪು ಗಸಿ. ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಟೈಲ್ಸ್ ಮೇಲೆ, ಕಮೋಡಿನೊಳಗೆ, ನಲ್ಲಿಯ ಕೆಳಗೆ ಎಲ್ಲ ಕಂದು ಪಟ್ಟೆ. ಸೋಪಿನ ಪುಡಿ ಹಾಕಿ ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ.

ಮೊದಲು ಕೈಗೆ ಸಿಕ್ಕಿದ್ದು ಬ್ಲೀಚಿಂಗ್ ಪೌಡರ್. ಮಳೆಗಾಲದಲ್ಲಿ ಬಾವಿಗೆ ಹಾಕಲು ತಂದದ್ದು ಮನೆಯಲ್ಲಿ ಇದ್ದೇ ಇರುತ್ತದಲ್ವಾ? ಬಾವಿಗಾದರೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಲೆಕ್ಕ. ನಾನು ಕಲೆಯ ಮೇಲೆ ಹಿಡಿ ಹಿಡಿ ಹಾಕಿದೆ. ಕಲೆ ಹೋಗಲಿಲ್ಲ, ಇನ್ನಷ್ಟು ಕಪ್ಪಾಯಿತು. ಪುಡಿ ಹಳತಾಗಿರಬೇಕು ಅಂತ ಹೊಸ ಪ್ಯಾಕೆಟ್ ತಂದು ಮತ್ತೆ ಹಾಕಿದೆ. ಅದೇ ಕಥೆ. ಆಮೇಲೆ ಗೊತ್ತಾಯಿತು, ತಪ್ಪು ಪುಡಿಯದ್ದಲ್ಲ. ಕ್ಲೋರಿನ್ ತಾಗಿದರೆ ನೀರಿನ ಕಬ್ಬಿಣ ಇನ್ನೂ ಬೇಗ ತುಕ್ಕಾಗಿ ಅಲ್ಲೇ ಕೂರುತ್ತದೆ. ಕಲೆ ತೆಗೆಯುತ್ತೇನೆ ಅಂದುಕೊಂಡು ನಾನೇ ಅದನ್ನು ಗಟ್ಟಿ ಮಾಡುತ್ತಿದ್ದೆ. ಅಂಗಳದ ಪಾಚಿಗೆ ಮಾತ್ರ ಬ್ಲೀಚಿಂಗ್ ಪೌಡರಿಗೆ ಸಮ ಇಲ್ಲ. ಮಳೆ ಬಿಟ್ಟ ಹೊತ್ತು ನೋಡಿ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಕಡ್ಡಿ ಪೊರಕೆಯಲ್ಲಿ ತಿಕ್ಕಿದರೆ ಜಾರುವುದು ನಿಲ್ಲುತ್ತದೆ. ಪ್ಯಾಕೆಟ್ ಒಡೆದು ಹಾಗೇ ಇಟ್ಟರೆ ನಮ್ಮ ಮಳೆಗೆ ಪಸೆ ಹಿಡಿದು ಸತ್ವ ಹೋಗುತ್ತದೆ, ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡಿ.

ಆಮೇಲೆ ಆಸಿಡ್. ಪೇಟೆಯ ಅಂಗಡಿಯೊಂದರಲ್ಲಿ ಹಳೆ ನೀರಿನ ಬಾಟ್ಲಿಗೆ ತುಂಬಿಸಿ ಕೊಟ್ಟರು. ಹೆಸರಿಲ್ಲ, ಚೀಟಿ ಇಲ್ಲ. 40 ರೂಪಾಯಿ. ಕಲೆ ಎರಡೇ ನಿಮಿಷಕ್ಕೆ ಮಾಯ, ಅದನ್ನು ಒಪ್ಪಬೇಕು. ಆದರೆ ತಿಂಗಳೊಳಗೆ ಸ್ಟೀಲ್ ನಲ್ಲಿಯ ಹೊಳಪು ಹೋಗಿ ಚುಕ್ಕೆ ಚುಕ್ಕೆ ಆಯಿತು. ನಲ್ಲಿಗೆ ನಾನು ಆಸಿಡ್ ತಾಗಿಸಿಯೇ ಇರಲಿಲ್ಲ, ಅದರ ಹೊಗೆಯೇ ಸಾಕು. ಟೈಲ್ಸ್ ಸಂದಿನ ಸಿಮೆಂಟನ್ನೂ ಅದು ತಿಂದಿತು. ಬೆರಳು ಆಡಿಸಿದರೆ ಸಂದು ಮರಳು ಮರಳಾಗಿ ಉದುರುತ್ತಿತ್ತು.

ಉಸಿರು ಕಟ್ಟಿದ್ದು ಆಸಿಡ್ ಬಳಸುತ್ತಿದ್ದಾಗಲೇ. ಅವತ್ತು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ವಾಸನೆ ಅಂತ ಮೂಲೆಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ನನಗೆ ಗೊತ್ತಿಲ್ಲ. ಮಧ್ಯಾಹ್ನ ನಾನು ಆಸಿಡ್ ಸುರಿದು ಕುಕ್ಕರಗಾಲಲ್ಲಿ ಕೂತು ತಿಕ್ಕಲು ಶುರು ಮಾಡಿದೆ. ಸುರ್ರ್ ಅಂತ ನೊರೆ ಬಂತು, ಮೂಗಿಗೆ ಚುಚ್ಚುವ ವಾಸನೆ, ಕಣ್ಣಲ್ಲಿ ನೀರು, ಎದೆ ಹಿಡಿದ ಹಾಗಾಯಿತು. ಆಸಿಡ್ ತಾಗಿದ ಕೂಡಲೇ ಬ್ಲೀಚಿಂಗ್ ಪೌಡರ್ ಕ್ಲೋರಿನ್ ಅನಿಲ ಬಿಡುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ತಿಕ್ಕುವವರ ಮೂಗು ಇರುವುದೂ ಅಲ್ಲೇ. ಬ್ರಶ್ ಅಲ್ಲೇ ಬಿಟ್ಟು ಹೊರಗೆ ಓಡಿದೆ. ನೀರು ಹಾಕಿ ತೊಳೆದುಬಿಡೋಣ ಅಂತ ಮತ್ತೆ ಒಳಗೆ ಹೋಗಲು ಹೊರಟವಳನ್ನು ಅತ್ತೆ ತಡೆದದ್ದು ನನ್ನ ಪುಣ್ಯ. ಬಾಗಿಲು, ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಒಳಗೆ ಕಾಲಿಟ್ಟದ್ದು. ಸಂಜೆ ಡಾಕ್ಟರಿಗೆ ತೋರಿಸಿದೆ. ಇಂಥದ್ದು ಆದರೆ ನೀವೂ ತೋರಿಸಿ. ಉಸಿರಿನ ತೊಂದರೆ ಕೆಲವು ಗಂಟೆ ಬಿಟ್ಟು ಜಾಸ್ತಿ ಆಗುವುದೂ ಉಂಟು.

ಈಗ ನಿಂಬೆ ಉಪ್ಪು. ಅರ್ಧ ಲೀಟರ್ ಬಿಸಿ ನೀರಿಗೆ ಎರಡು ದೊಡ್ಡ ಚಮಚ. ಹಳೆ ಬೈರಾಸಿನ (ಟವೆಲಿನ) ತುಂಡನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿಬಿಡುತ್ತೇನೆ. ಗೋಡೆಯಲ್ಲೂ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಬಟ್ಟೆ ತೆಗೆದರೆ ಬಟ್ಟೆಯೇ ಹಳದಿಯಾಗಿರುತ್ತದೆ, ಕಬ್ಬಿಣ ಅದಕ್ಕೆ ಬಂದಿರುತ್ತದೆ. ಆಮೇಲೆ ಬ್ರಶ್ಶಿನಲ್ಲಿ ಸುಮ್ನೆ ಒರೆಸಿದ ಹಾಗೆ ಮಾಡಿದರೆ ಸಾಕು. ಹಳೆ ಕಲೆಗೆ ಎರಡು ಮೂರು ಸಲ ಬೇಕು. ಕಮೋಡಿಗೆ ರಾತ್ರಿ ನಾಲ್ಕು ಚಮಚ ಪುಡಿ ಹಾಕಿ ಬಿಟ್ಟು ಬೆಳಿಗ್ಗೆ ತಿಕ್ಕುತ್ತೇನೆ.

ಇದೂ ಆಸಿಡ್ಡೇ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಇದರಲ್ಲೂ ಅದೇ ಅನಿಲ ಬರುತ್ತದೆ. ಮಾರ್ಬಲ್ ಮತ್ತು ಸಿಮೆಂಟ್ ನೆಲಕ್ಕೆ ಬೇಡ. ಅಡಿಕೆ ಸುಲಿದು ಒಡೆದ ಕೈಗೆ ಉರಿಯುತ್ತದೆ, ಗ್ಲೌಸ್ ಹಾಕಿಕೊಳ್ಳಿ. ನೋಡಲು ಥೇಟ್ ಸಕ್ಕರೆ, ಅಡುಗೆಮನೆಯಲ್ಲಿ ಇಡಲೇಬೇಡಿ.

ಹಿತ್ತಿಲಲ್ಲಿ ಬಿಂಬುಳಿ ಅನ್ನುವ ಹುಳಿ ಕಾಯಿ ಇದ್ದರೆ ಅದನ್ನು ಜಜ್ಜಿ ಹಚ್ಚಿದರೂ ಸಣ್ಣ ಕಲೆ ಹೋಗುತ್ತದೆ. ಪಕ್ಕದ ಮನೆಯ ಮಲಯಾಳಿ ಅಕ್ಕ ಅದನ್ನು ಇರುಂಬನ್ ಪುಳಿ ಅನ್ನುತ್ತಾರೆ, ಕತ್ತಿಯ ತುಕ್ಕು ತೆಗೆಯುವುದೂ ಅದರಲ್ಲೇ. ಆದರೆ ಇಡೀ ಬಚ್ಚಲಿಗೆ ಎಷ್ಟು ಅಂತ ಜಜ್ಜುವುದು?

ಕಿಲೋ ನಿಂಬೆ ಉಪ್ಪಿಗೆ ನಾನು ಕೊಟ್ಟದ್ದು 220 ರೂಪಾಯಿ. ಎರಡು ಬಚ್ಚಲಿಗೆ ನಾಲ್ಕು ತಿಂಗಳು ಬರುತ್ತದೆ. ಆಸಿಡ್ ಇದಕ್ಕಿಂತ ಅಗ್ಗ ಹೌದು, ಆದರೆ ಹಾಳಾದ ಎರಡು ನಲ್ಲಿ ಬದಲಿಸಲು ಕೊಟ್ಟ ದುಡ್ಡು ಸೇರಿಸಿದರೆ ಆ ಲೆಕ್ಕ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಬಿಡುವಿದ್ದವರಿಗೆ ಇದು ಸರಿ. ನಾಳೆ ನೆಂಟರು ಬರುತ್ತಾರೆ, ಇವತ್ತೇ ಬೆಳ್ಳಗಾಗಬೇಕು ಅನ್ನುವವರಿಗೆ ಆಗಲಿಕ್ಕಿಲ್ಲ.

ಬ್ಲೀಚಿಂಗ್ ಪೌಡರಿನ ಪ್ಯಾಕೆಟ್ ಮೇಲಿನ ಸೂಚನೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಅತ್ತೆಗೆ ಎರಡೂ ಓದಲು ಬರುವುದಿಲ್ಲ. ಈಗ ಆ ಡಬ್ಬ ಹೊರಗಿನ ಶೆಡ್ಡಿನಲ್ಲಿದೆ. ಅದರ ಮೇಲೆ ಅತ್ತೆಯೇ ಮಾರ್ಕರ್ ಪೆನ್ನಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಅಂಗಳಕ್ಕೆ ಮಾತ್ರ. ಬಚ್ಚಲಿಗೆ ತರಬೇಡಿ."