‘ಶಾಂತವಾಗಿದ್ದಾರೆ’ ಎಂಬ ಮಾತನ್ನು ನಂಬಿ ಕಳೆದುಕೊಂಡ ನಾಲ್ಕು ದಿನಗಳು

ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಚೇತರಿಕೆಗಾಗಿ ನನ್ನ ತಾಯಿಯವರನ್ನು ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ದೆ. ಆಗ ಅವರಿಗೆ 79 ವರ್ಷ. ಸೇರಿದ ದಿನ ಶುಶ್ರೂಷಕಿಯೊಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತುಕೊಂಡೇ ಹತ್ತು ನಿಮಿಷದಲ್ಲಿ ಎರಡು ಪುಟದ ತಪಾಸಣಾ ನಮೂನೆಯನ್ನು ತುಂಬಿ ಮುಗಿಸಿದರು. ಅಮ್ಮನ ಕಾಲುಚೀಲವನ್ನು ಬಿಚ್ಚಿ ನೋಡಲಿಲ್ಲ. ಮನೆಯಲ್ಲಿ ಅವರ ಮಾತು, ನೆನಪು, ಓಡಾಟ ಹೇಗಿತ್ತೆಂದು ನನ್ನನ್ನು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಆ ನಮೂನೆಗೆ ಸಹಿ ಹಾಕಿ ಹೊರಟುಬಂದೆ.

ಮರುದಿನ ಹೋದಾಗ ಅಮ್ಮ ಅರೆನಿದ್ರೆಯಲ್ಲಿದ್ದರು. ‘ಶಾಂತವಾಗಿದ್ದಾರೆ, ಯಾವ ತೊಂದರೆಯೂ ಕೊಡುವುದಿಲ್ಲ’ ಎಂದರು ಅಲ್ಲಿಯ ಸಿಬ್ಬಂದಿ. ದಾಖಲೆಯಲ್ಲೂ ‘ನಿದ್ರೆ ಚೆನ್ನಾಗಿದೆ’ ಎಂದು ಬರೆದಿತ್ತು. ಮೂರನೆಯ ದಿನ ಅಮ್ಮ ಎಂದೋ ತೀರಿಕೊಂಡ ತಮ್ಮ ಬಂದನೇ ಎಂದು ವಿಚಾರಿಸಿದರು; ಸಂಜೆಯ ಹೊತ್ತಿಗೆ ಸ್ವಲ್ಪ ಕಾಲ ಎಂದಿನಂತೆಯೇ ಮಾತನಾಡಿ, ಮತ್ತೆ ಮಂಕಾದರು. ವಯಸ್ಸಾದ ಮೇಲೆ ಮರೆವು ಸಹಜ ಎಂದು ಅಲ್ಲಿಯವರು ಹೇಳಿದ್ದನ್ನು ನಾನು ನಂಬಿದೆ. ಒಂದು ವಾರದ ಹಿಂದೆ ಮನೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವರಿಗೆ ಮೂರು ದಿನದಲ್ಲಿ ಮರೆವಿನ ಕಾಯಿಲೆ ಬರುವುದಿಲ್ಲ ಎಂಬ ಸರಳ ವಿಚಾರ ನನಗೆ ಹೊಳೆಯಲಿಲ್ಲ.

ನಾಲ್ಕನೆಯ ರಾತ್ರಿ ಪಾಳಿಗೆ ಬಂದ ಹಿರಿಯ ಶುಶ್ರೂಷಕಿಯೊಬ್ಬರು ಮೊದಲು ಮೇಜಿನ ಡ್ರಾಯರ್ ತೆರೆದು, ಅಷ್ಟು ದಿನವೂ ಅಲ್ಲೇ ಬಿದ್ದಿದ್ದ ಹಿಯರಿಂಗ್ ಏಡನ್ನು ಅಮ್ಮನ ಕಿವಿಗೆ ಇಟ್ಟರು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿರಮ್ಮಾ ಎಂದರು. ಅಮ್ಮ ‘ಡಿಸೆಂಬರ್, ನವೆಂಬರ್’ ಎಂದು ನಿಲ್ಲಿಸಿ ಕಿಟಕಿಯ ಕಡೆ ನೋಡತೊಡಗಿದರು. ಆಕೆ ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟರೆ ಅದು ಗಟ್ಟಿಯಾಗಿ ಉಬ್ಬಿತ್ತು. ಬಟ್ಟೆ ಆಗಾಗ ಒದ್ದೆಯಾಗುತ್ತಿದ್ದುದರಿಂದ ಮೂತ್ರ ಸರಿಯಾಗಿ ಹೋಗುತ್ತಿದೆ ಎಂದೇ ಎಲ್ಲರೂ ಬರೆದಿದ್ದರು. ತುಂಬಿದ ಮೂತ್ರಕೋಶದಿಂದ ತುಳುಕಿ ಸೋರಿದರೂ ಬಟ್ಟೆ ಹಾಗೆಯೇ ಒದ್ದೆಯಾಗುತ್ತದೆ. ಕೊನೆಗೆ ಆಕೆ ಕಾಲುಚೀಲ ಬಿಚ್ಚಿದರು. ಎಡ ಹಿಮ್ಮಡಿಯಲ್ಲಿ ನಾಣ್ಯದಗಲ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು.

ಅಮ್ಮನಿಗೆ ಆಗಿದ್ದದ್ದು ಡೆಲಿರಿಯಂ, ಹಳಬರು ಸನ್ನಿ ಎನ್ನುವ ಸ್ಥಿತಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಇದು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬರುತ್ತದೆ, ಒಂದೇ ದಿನದಲ್ಲಿ ಹೆಚ್ಚು ಕಡಿಮೆಯಾಗುತ್ತದೆ, ಗಮನ ಒಂದೆಡೆ ನಿಲ್ಲುವುದಿಲ್ಲ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ, ಸುಮ್ಮನೆ ಮಲಗಿದವರು ಕಣ್ಣಿಗೆ ಬೀಳುವುದಿಲ್ಲ. ಮೂತ್ರ ಕಟ್ಟುವುದು, ಮಲಬದ್ಧತೆ, ನೋವು, ನೀರಿನ ಕೊರತೆ, ಸೋಂಕು, ಔಷಧಿ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೂ ಇರಬಹುದು. ಅಮ್ಮನಿಗೆ ನಿದ್ರೆ ಬರಲೆಂದು ಪ್ರತಿ ರಾತ್ರಿ ಡೈಫೆನ್‌ಹೈಡ್ರಮೀನ್ ಕೊಟ್ಟಿದ್ದರು. ಮೂತ್ರ ಕಟ್ಟಿಸುವ, ಬುದ್ಧಿ ಮಂಕುಮಾಡುವ ಗುಣವಿರುವ ಈ ಔಷಧಿಯು, 65 ದಾಟಿದವರಿಗೆ ಸಾಧ್ಯವಾದಷ್ಟು ಕೊಡಬಾರದ ಔಷಧಿಗಳ ಬೀರ್ಸ್ ಪಟ್ಟಿಯಲ್ಲಿದೆ. ಡೆಲಿರಿಯಂ ಗುರುತಿಸಲು 1990ರಿಂದ ಬಳಕೆಯಲ್ಲಿರುವ ಸಿಎಎಂ ಎಂಬ ವಿಧಾನವು, ರೋಗಿ ಮೊದಲಿದ್ದ ಸ್ಥಿತಿಗಿಂತ ದಿಢೀರನೆ ಬದಲಾಗಿದ್ದಾರೆಯೇ ಎಂಬುದನ್ನೇ ಮೊದಲು ನೋಡುತ್ತದೆ. ಮೊದಲು ಹೇಗಿದ್ದರೆಂದು ಮನೆಯವರನ್ನು ಕೇಳದೆ ಅದಕ್ಕೆ ಉತ್ತರ ಸಿಗುವುದಾದರೂ ಹೇಗೆ?

ಮರುದಿನ ನಮೂನೆಯನ್ನು ತರಿಸಿ ಓದಿದೆ. ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಮಾಪಕದಲ್ಲಿ ಅಮ್ಮನಿಗೆ 23ಕ್ಕೆ 21 ಅಂಕ ಬಂದಿತ್ತು. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯವೆಂದು ಎಣಿಸುತ್ತಾರೆ. ಒಬ್ಬರೇ ಮಗ್ಗುಲು ಬದಲಿಸಲಾಗದವರಿಗೆ ಚಲನೆಯಲ್ಲಿ ಪೂರ್ಣ ಅಂಕ ಹಾಕಿದ್ದರು. ಅಲ್ಲಿ ಕೆಲಸದ ಒತ್ತಡ ಇತ್ತೆಂದು ಒಪ್ಪುತ್ತೇನೆ, ಆದರೆ ನೋಡದೆ ಬರೆಯುವುದಕ್ಕಿಂತ ಆ ಅಂಕಣವನ್ನು ಖಾಲಿ ಬಿಟ್ಟಿದ್ದರೆ ಮುಂದಿನ ಪಾಳಿಯವರಾದರೂ ನೋಡುತ್ತಿದ್ದರು.

ಮೂತ್ರ ಹೊರಹೋಗಲು ಕ್ಯಾತಿಟರ್ ಎಂಬ ನಳಿಕೆ ಹಾಕಿ, ಆ ನಿದ್ರೆಯ ಮಾತ್ರೆ ನಿಲ್ಲಿಸಿದ ಆರನೆಯ ದಿನಕ್ಕೆ ಅಮ್ಮನ ಬುದ್ಧಿ ತಿಳಿಯಾಯಿತು. ಹಿಮ್ಮಡಿಯ ಹುಣ್ಣು ಮಾಯಲು ಹನ್ನೊಂದು ವಾರ ಹಿಡಿಯಿತು, ಅಲ್ಲಿಯವರೆಗೆ ನಡಿಗೆಯ ಅಭ್ಯಾಸವೂ ಕುಂಟುತ್ತಲೇ ಸಾಗಿತು.

ನಿಮ್ಮ ಮನೆಯ ಹಿರಿಯರನ್ನು ಎಲ್ಲಿಗಾದರೂ ಸೇರಿಸುವಾಗ, ಅವರು ಮನೆಯಲ್ಲಿ ಹೇಗಿದ್ದರು, ಏನೇನು ತಾವೇ ಮಾಡಿಕೊಳ್ಳುತ್ತಿದ್ದರು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ದಾಖಲೆಗೆ ಸೇರಿಸಲು ಒತ್ತಾಯಿಸಿರಿ. ಕನ್ನಡಕ, ಹಿಯರಿಂಗ್ ಏಡ್ ಹಾಕಿದ ಮೇಲೆಯೇ ನೆನಪಿನ ಪರೀಕ್ಷೆ ನಡೆಯಲಿ. ಹೊಸ ಮಾತ್ರೆ ಸೇರಿಸಿದರೆ ಏಕೆಂದು ಕೇಳಿರಿ. ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗವನ್ನು ನಿಮ್ಮ ಎದುರಿನಲ್ಲೇ ನೋಡಿಸಿರಿ. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಆಗಲೇ ಶುರುವಾಗಿದೆ, ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿ, ಗಡಸು, ನೋವು ಇದೆಯೇ ಎಂದು ಮುಟ್ಟಿ ನೋಡಬೇಕು. ಇಷ್ಟೂ ಆಗುವವರೆಗೆ ನಮೂನೆಗೆ ಸಹಿ ಹಾಕಬೇಡಿರಿ.