ನಾಲ್ಕು ವೃತ್ತದ ಬಿಳಿ ಕಾರ್ಡು: ಡಿಎನ್‌ಎ ವಿಭಾಗದವಳೊಬ್ಬಳ ವಿಮರ್ಶೆ

ನಾನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ ರಕ್ತದ ಮಾದರಿ ಬರುತ್ತಿದ್ದದ್ದು ಥರ್ಮಾಕೋಲ್ ಡಬ್ಬಿಯಲ್ಲಿ. ಬೀದರ್ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದ ಪೊಲೀಸ್ ಪೇದೆ ಬೆಳಿಗ್ಗೆ ನಮ್ಮ ಕೌಂಟರಿನಲ್ಲಿ ಅದನ್ನಿಟ್ಟು, ‘ಮೇಡಂ, ಬೇಗ ರಸೀದಿ ಕೊಡಿ’ ಅನ್ನುತ್ತಿದ್ದರು. ಮುಚ್ಚಳ ತೆಗೆದರೆ ಐಸ್ ನೀರಾಗಿ, ಟ್ಯೂಬಿನ ಚೀಟಿ ಕಳಚಿ ತೇಲುತ್ತಿರುತ್ತಿತ್ತು. ಮುದ್ದೆಮಾಲಿನ, ಅಂದರೆ ಸಾಕ್ಷ್ಯವಸ್ತುವಿನ, ಚೀಟಿ ತೇಲಿತೆಂದರೆ ಕೇಸೂ ತೇಲಿದಂತೆಯೇ. ಕೆಲವೊಮ್ಮೆ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬಿನ ಬದಲು ಹಸಿರು ಮುಚ್ಚಳದ್ದು ಬರುತ್ತಿತ್ತು. ಅದರಲ್ಲಿರುವ ಹೆಪಾರಿನ್, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ಅಡ್ಡಗಾಲು. ಇನ್ನು ಗಾಜ್ ಬಟ್ಟೆಗೆ ರಕ್ತ ಹಚ್ಚಿ, ಹಸಿಯಾಗಿಯೇ ಕಟ್ಟಿ ಅರಗು ಮುದ್ರೆ ಒತ್ತಿ ಕಳಿಸಿದ್ದರ ವಾಸನೆ ಊಟದ ಡಬ್ಬಿ ತೆರೆದಾಗಲೂ ಮೂಗಿನಲ್ಲೇ ಇರುತ್ತಿತ್ತು.

ಈಗ ನಮ್ಮಲ್ಲಿಗೆ ಬಹುಪಾಲು ಎಫ್‌ಟಿಎ ಕಾರ್ಡೇ, ಅಂದರೆ ರಕ್ತ ಹಾಕಿ ಒಣಗಿಸಿ ಕಳಿಸುವ ಕಾರ್ಡೇ ಬರುತ್ತದೆ. ನೋಡಲು ಮದುವೆ ಕರೆಯೋಲೆಯಷ್ಟು ದಪ್ಪದ ಬಿಳಿ ಕಾಗದ, ಅದರಲ್ಲಿ ನಾಲ್ಕು ವೃತ್ತ, ಮೇಲೊಂದು ಮಡಿಕೆ. ಒಂದು ವೃತ್ತಕ್ಕೆ ಹೆಚ್ಚೆಂದರೆ 125 ಮೈಕ್ರೋಲೀಟರ್ ರಕ್ತ, ಅಂದರೆ ಎರಡು-ಮೂರು ಹನಿ. ಹೆಸರಿನ ಮೊದಲ ಅಕ್ಷರ ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ್ದು. ಅಲ್ಲಿನ ಲೀ ಬರ್ಗೊಯ್ನ್ ಇದನ್ನು ರೂಪಿಸಿದವರು. ಕಾಗದಕ್ಕೆ ಮೊದಲೇ ಟ್ರಿಸ್, ಇಡಿಟಿಎ, ಸೋಪಿನ ಜಾತಿಯ ಎಸ್‌ಡಿಎಸ್, ಯೂರಿಕ್ ಆಮ್ಲ ಕುಡಿಸಿರುತ್ತಾರೆ. ರಕ್ತ ಬಿದ್ದ ಕೂಡಲೇ ಜೀವಕೋಶ ಒಡೆದು ಡಿಎನ್‌ಎ ನಾರಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ತುಂಡರಿಸುವ ಕಿಣ್ವಗಳ ಆಟ ನಡೆಯುವುದಿಲ್ಲ. ಆಮೇಲೆ ಫ್ರಿಜ್ ಬೇಡ, ಐಸ್ ಬೇಡ, ಕಪಾಟಿನಲ್ಲಿಟ್ಟರೆ ಸಾಕು. (ಕೀಲುನೋವಿನವರ ರಿಪೋರ್ಟಿನಲ್ಲಿ ಹೆದರಿಸುವ ಯೂರಿಕ್ ಆಮ್ಲಕ್ಕೆ ಇಂಥ ಒಳ್ಳೇ ಬುದ್ಧಿಯೂ ಇದೆಯೆಂದು ನನಗೆ ತಿಳಿದದ್ದು ಇಲ್ಲೇ.)

ಆದರೆ ನನಗೆ ಇದು ಹಿಡಿಸಿದ್ದು ಕೂಸುಗಳಿಂದಾಗಿ. ಪೋಕ್ಸೊ ಪ್ರಕರಣದಲ್ಲಿ ಹುಟ್ಟಿದ ಮಗುವಿನ ತಂದೆ ಯಾರೆಂದು ನೋಡಬೇಕಾದಾಗ ತಾಯಿ, ಮಗು, ಆರೋಪಿ ಮೂವರ ರಕ್ತವೂ ಬರುತ್ತದೆ. ಹಿಂದೆ ಆ ಎಳೆ ಕೈಯಲ್ಲಿ ನರ ಹುಡುಕಿ ಸಿರಿಂಜಿನಲ್ಲಿ ಎಳೆಯಬೇಕಿತ್ತು. ಈಗ ಹಿಮ್ಮಡಿಗೆ ಒಂದು ಚುಚ್ಚು, ನಾಲ್ಕು ಹನಿ, ಮುಗಿಯಿತು. ತಾಯಿ ಅಂದರೂ ಕೆಲವೊಮ್ಮೆ 15 ವರ್ಷದವಳು. ಗುರುತಿನ ಫಾರಂಗೆ ಅಂಟಿಸಿದ ಫೋಟೋದಲ್ಲಿ ಶಾಲೆ ಸಮವಸ್ತ್ರದಲ್ಲೇ ಇರುತ್ತಾಳೆ.

ಲ್ಯಾಬಿನಲ್ಲಿ ನಾವು ಕಾರ್ಡಿನಿಂದ 1.2 ಮಿಲಿಮೀಟರಿನ ಒಂದು ಬಿಲ್ಲೆ ಪಂಚ್ ಮಾಡುತ್ತೇವೆ, ಸಾಸಿವೆ ಕಾಳಿನಗಲ. ಅಷ್ಟರಲ್ಲೇ ಒಬ್ಬ ಮನುಷ್ಯನ ಪೂರ್ತಿ ಡಿಎನ್‌ಎ ಪ್ರೊಫೈಲ್, ಅಂದರೆ ಅವನನ್ನು ಗುರುತಿಸುವ ಗ್ರಾಫು, ಬರುತ್ತದೆ. ತೊಳೆಯದೆಯೇ ನಕಲು ಮಾಡಬಲ್ಲ ನೇರ ಆಂಪ್ಲಿಫಿಕೇಶನ್ ಕಿಟ್ ಇದ್ದರೆ ಬಿಲ್ಲೆ ಸೀದಾ ಪಿಸಿಆರ್ ಟ್ಯೂಬಿಗೆ. ಇಲ್ಲವಾದರೆ ಶುದ್ಧೀಕರಣ ದ್ರಾವಣದಲ್ಲಿ ಮೂರು ಸಲ, ಟಿಇ ಬಫರ್ ಎಂಬ ದ್ರಾವಣದಲ್ಲಿ ಎರಡು ಸಲ ತೊಳೆದು ಒಣಗಿಸಬೇಕು. ಹೊಸದಾಗಿ ಸೇರಿದವರು ‘ಚೆನ್ನಾಗಿ ಬರಲಿ’ ಎಂದು ಎರಡು ಬಿಲ್ಲೆ ಹಾಕುವುದುಂಟು. ಆಗುವುದು ಉಲ್ಟಾ. ಒಂದೋ ರಕ್ತದ ಹೀಮ್ ಪಿಸಿಆರ್ ಅನ್ನೇ ತಡೆಯುತ್ತದೆ, ಇಲ್ಲವೇ ಡಿಎನ್‌ಎ ಅತಿಯಾಗಿ ಪೀಕುಗಳು ಗ್ರಾಫಿನ ನೆತ್ತಿ ದಾಟಿ, ನೀಲಿ ಬಣ್ಣದ ಪೀಕು ಹಸಿರಿನ ಸಾಲಿನಲ್ಲಿ ಇಣುಕುತ್ತದೆ.

ಮಾರ್ಚ್ ತಿಂಗಳ ಒಣಹವೆಯಲ್ಲಿ ಈ ಬಿಲ್ಲೆಗಳಿಗೆ ಕಾಲು ಬರುತ್ತದೆ. ಸ್ಥಿರವಿದ್ಯುತ್ತಿಗೆ ಟಣ್ಣನೆ ಜಿಗಿದು 96 ಗುಂಡಿಯ ಪ್ಲೇಟಿನಲ್ಲಿ ಯಾವ ಗುಂಡಿಗೆ ಬಿತ್ತೋ ತಿಳಿಯದಾದರೆ ಇಡೀ ಪ್ಲೇಟನ್ನೇ ಎಸೆಯಬೇಕು. ಒಮ್ಮೆ ಸಂಜೆ ಐದೂವರೆಗೆ ಹಾಗೆ ಎಸೆದು, ಮನೆಗೆ ಫೋನ್ ಮಾಡಿ ‘ಅನ್ನಕ್ಕೆ ನೀವೇ ಇಟ್ಟುಬಿಡಿ’ ಅಂದು, ಮತ್ತೆ ಮೊದಲ ಕಾರ್ಡಿನಿಂದ ಶುರುಮಾಡಿದ್ದೇನೆ. ಇದರಲ್ಲಿ ಕಾರ್ಡಿನ ತಪ್ಪೇನೂ ಇಲ್ಲ ಬಿಡಿ.

ತಪ್ಪಾಗುವುದು ಒಣಗಿಸುವಲ್ಲಿ. ಕರಾವಳಿಯ ಒಂದು ಆಸ್ಪತ್ರೆಯಿಂದ ಆಷಾಢದಲ್ಲಿ ಎರಡು ಕಾರ್ಡು ಬಂದವು. ಆರೋಪಿಯದೂ ಸಂತ್ರಸ್ತೆಯದೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಹಸಿಹಸಿಯಾಗಿ, ಒಂದಕ್ಕೊಂದು ಅಂಟಿಕೊಂಡು. ಹೆಚ್ಚು ರಕ್ತ ಇದ್ದಷ್ಟೂ ಒಳ್ಳೆಯದೆಂದು ವೃತ್ತ ತುಂಬಿ ಹರಿಯುವಷ್ಟು ಹಾಕಿದ್ದರು. ಪರೀಕ್ಷೆಗೆ ತೆಗೆದುಕೊಳ್ಳುವಂತೆಯೇ ಇರಲಿಲ್ಲ. ಮರುಮಾದರಿ ಕೇಳಿ ಪತ್ರ ಬರೆದೆವು. ಆ ಹುಡುಗಿಗೆ ಎರಡನೇ ಸಲ ಸೂಜಿ. ಡಾಕ್ಟರಿಗೆ ಫೋನ್ ಮಾಡಿ, ‘ಸಂಡಿಗೆ ಒಣಗಿಸಿದ ಹಾಗೆ ಒಣಗಿಸಿ ಡಾಕ್ಟ್ರೇ, ಬಿಸಿಲಿಗೆ ಮಾತ್ರ ಇಡಬೇಡಿ’ ಅಂದೆ. ‘ಬಿಸಿಲು ನೋಡಿ ಇಲ್ಲಿ ಹತ್ತು ದಿನ ಆಯ್ತು ಮೇಡಂ’ ಅಂದರು. ಅವರದೂ ಸರಿಯೇ. ಮಳೆಗಾಲದಲ್ಲಿ ಒಂದು ತಾಸು ಸಾಲದು. ಮುಟ್ಟಿದರೆ ಗರಿಗರಿ ಅನ್ನಬೇಕು, ಬಣ್ಣ ಕಂದಾಗಿರಬೇಕು. ಆಮೇಲೆ ಒಬ್ಬೊಬ್ಬರದೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಇತ್ತೀಚೆಗೆ ಬೇರೆಯವರ ರಕ್ತ ಹಾಕಿಸಿಕೊಂಡಿದ್ದಾರೆಯೇ, ಅಸ್ಥಿಮಜ್ಜೆ ಕಸಿ ಆಗಿದೆಯೇ ಎಂದೂ ಕೇಳಿ ಬರೆಯಬೇಕು. ಕಸಿಯಾದವರ ರಕ್ತದಲ್ಲಿ ಕಾಣುವುದು ದಾನಿಯ ಡಿಎನ್‌ಎ. ಕಾರ್ಡು ತನ್ನ ಮೇಲೆ ಬಿದ್ದದ್ದನ್ನು ಕಾಪಾಡುತ್ತದೆ, ಅದು ಯಾರದೆಂದು ಅದಕ್ಕೇನು ಗೊತ್ತು.

ಸೆಷನ್ಸ್ ಕೋರ್ಟಿನ ಪಾಟೀಸವಾಲಿನಲ್ಲಿ ವಕೀಲರೊಬ್ಬರು, ‘ಐಸ್ ಇಲ್ಲದೆ ಎರಡು ತಿಂಗಳು ಬಿದ್ದಿದ್ದ ರಕ್ತ ಕೊಳೆತಿರಲಿಲ್ಲವೇ?’ ಎಂದು ಗದರಿಸಿದ್ದರು. ‘ಒಣಗಿದ್ದು ಕೊಳೆಯೋದಕ್ಕೆ ಅದರಲ್ಲಿ ನೀರೇ ಇರೋದಿಲ್ಲ ಸ್ವಾಮಿ’ ಅಂದೆ. ಅನುಮಾನವಿದ್ದರೆ ಉಳಿದ ಮೂರು ವೃತ್ತ ಹಾಗೇ ಇವೆ, ಬೇರೆ ಲ್ಯಾಬಿನಲ್ಲಿ ಮಾಡಿಸಬಹುದು ಎಂದೂ ಸೇರಿಸಿದೆ. ಟ್ಯೂಬಿನ ಕಾಲದಲ್ಲಿ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಜೊಲ್ಲಿನ ಲೆಕ್ಕಕ್ಕೆ. ಬಿಳಿ ಕಾರ್ಡಿನ ಮೇಲೆ ಜೊಲ್ಲು ಒಣಗಿದರೆ ಎಲ್ಲಿ ಪಂಚ್ ಮಾಡಬೇಕೆಂದೇ ಕಾಣುವುದಿಲ್ಲ. ಅದಕ್ಕೆಂದೇ ಗುಲಾಬಿ ಬಣ್ಣದ ಕಾರ್ಡು ಸಿಗುತ್ತದೆ, ಜೊಲ್ಲು ತಾಗಿದ ಜಾಗ ಬೆಳ್ಳಗಾಗುತ್ತದೆ. ಈ ಸಲದ ಇಂಡೆಂಟಿನಲ್ಲಿ ಅದನ್ನೂ ಬರೆದೆ. ‘ಬಿಳೀದೇ ಎರಡು ಡಬ್ಬ ಉಳಿದಿದೆ ಮೇಡಂ, ಬಣ್ಣ ಯಾಕೆ ಬೇಕು?’ ಎಂದು ಸ್ಟೋರ್ಸಿನವರು ಫೈಲು ವಾಪಸ್ ಕಳಿಸಿದ್ದಾರೆ. ಸೋಮವಾರ ಹೋಗಿ ಒಂದು ಕಾರ್ಡಿಗೆ ಅವರ ಎದುರಿಗೇ ಎಂಜಲು ಹಚ್ಚಿ ತೋರಿಸಬೇಕು.