ಎಬಿಎಸ್ ತೆಗೆಸಿದ ಆಕ್ಟೇವಿಯಾ ಆರ್‌ಎಸ್: ಮೂರು ವರ್ಷ ಓಡಿಸಿದ ಮೇಲೆ

ಗಾಡಿ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, ಕಂಪನಿ ಲೆಕ್ಕದಲ್ಲಿ 150 ಅಶ್ವಶಕ್ತಿ. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. ಅದನ್ನು ತೆಗೆಸಿದ್ದು 2019ರ ಆಗಸ್ಟ್‌ನಲ್ಲಿ, ಮತ್ತೆ ಹಾಕಿಸಿದ್ದು 2022ರ ನವೆಂಬರ್‌ನಲ್ಲಿ. ನಡುವೆ ರಸ್ತೆ ಮೇಲೆ ಹತ್ತಿರ ಹತ್ತಿರ 16,000 ಕಿ.ಮೀ., ಟ್ರ್ಯಾಕ್‌ನಲ್ಲಿ ಒಂಬತ್ತು ದಿನ. "ತೆಗೆಸಿದರೆ ಹೇಗಿರುತ್ತೆ" ಎಂದು ಕೇಳುವವರು ಇನ್ನೂ ಇದ್ದಾರೆ, ಅವರಿಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಾಡಿಯ ಎಬಿಎಸ್ ಕೆಟ್ಟಿರಲಿಲ್ಲ. ಬೋರ್ಡ್‌ನಲ್ಲಿ ಒಂದು ದಿನವೂ ಅದರ ಲೈಟ್ ಉರಿದಿರಲಿಲ್ಲ. ಬದಲಾಗಿದ್ದು ಉಳಿದದ್ದು. ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೆ, ಟ್ರ್ಯಾಕ್‌ಗೆಂದು ಗೆರೆ ಕಡಿಮೆ, ಹಿಡಿತ ಜಾಸ್ತಿ ಇರುವ ಸೆಮಿ ಸ್ಲಿಕ್ ಟೈರ್ ಬೇರೆ. ಶ್ರೀಪೆರುಂಬುದೂರಿನ ಹತ್ತಿರದ 3.7 ಕಿ.ಮೀ. ಟ್ರ್ಯಾಕ್‌ನಲ್ಲಿ ಜೋರಾಗಿ ಹೋಗುವಾಗ ಒಂದು ವಿಚಿತ್ರ ಆಗುತ್ತಿತ್ತು. ಬ್ರೇಕ್ ಒತ್ತಿದ ಹೊತ್ತಿಗೆ ಸರಿಯಾಗಿ ಚಕ್ರ ಒಂದು ಸಣ್ಣ ಉಬ್ಬಿನ ಮೇಲೆ ಹಾರಿದರೆ, ನೆಲದ ಹಿಡಿತ ತಪ್ಪಿ ಅದರ ವೇಗ ಒಮ್ಮೆಲೇ ಬೀಳುತ್ತದೆ. ಕಂಪ್ಯೂಟರ್ ಅದನ್ನು ನುಣುಪು ನೆಲ ಎಂದು ತಿಳಿದು ಒತ್ತಡ ಬಿಟ್ಟುಬಿಡುತ್ತದೆ. ಕಾಲ ಕೆಳಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಗಾಡಿ ಮಾತ್ರ ನಿಧಾನ ಆಗುವುದಿಲ್ಲ. ಟ್ರ್ಯಾಕ್‌ನವರು ಇದಕ್ಕೆ ಐಸ್ ಮೋಡ್ ಅನ್ನುತ್ತಾರೆ. 150 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಎಂದರೆ 41 ಮೀಟರ್‌ಗೂ ಹೆಚ್ಚು. ಒಂದೇ ದಿನ ಎರಡು ಸಲ ಹೀಗಾಗಿ ಟ್ರ್ಯಾಕ್ ಬಿಟ್ಟು ಮಣ್ಣಿಗೆ ಇಳಿದ ಮೇಲೆ ತೆಗೆಸುವುದೆಂದು ತೀರ್ಮಾನ ಮಾಡಿದೆ.

ಆಗ ನನ್ನ ತಲೆಯಲ್ಲಿ ಇನ್ನೊಂದು ವಾದವೂ ಇತ್ತು: ಫಾರ್ಮುಲಾ ಒನ್‌ನಲ್ಲಿ 1994ರಿಂದ ಎಬಿಎಸ್ ನಿಷೇಧ, ಹಾಗಾಗಿ ಚೆನ್ನಾಗಿ ಓಡಿಸುವವನಿಗೆ ಅದು ಬೇಡ. ಈ ಮಾತನ್ನು ಇವತ್ತಿಗೂ ಎಲ್ಲ ಕಡೆ ಕೇಳುತ್ತೇನೆ. ಆದರೆ ನಿಷೇಧ ಮಾಡಿದ್ದು ಅದರಿಂದ ಗಾಡಿ ನಿಧಾನ ಆಗುತ್ತದೆಂದು ಅಲ್ಲ, ಡ್ರೈವರ್ ಮಾಡಬೇಕಾದ ಕೆಲಸವನ್ನು ಯಂತ್ರ ಮಾಡಬಾರದು ಎಂದು. ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನೇ ಆಧರಿಸಿದ ಜಿಟಿ3 ರೇಸ್ ಗಾಡಿಗಳಲ್ಲಿ ಇವತ್ತೂ ಎಬಿಎಸ್ ಇದೆ, ಅದನ್ನು ನಂಬಿಯೇ ವೃತ್ತಿಪರರು ಓಡಿಸುತ್ತಾರೆ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಎಬಿಎಸ್ ಘಟಕಕ್ಕೆ ಎರಡು ಪೈಪ್ ಹೋಗುತ್ತವೆ, ಅಲ್ಲಿಂದ ನಾಲ್ಕು ಚಕ್ರಕ್ಕೆ ನಾಲ್ಕು ಪೈಪ್ ಹೊರಡುತ್ತವೆ. ಘಟಕ ಬಿಚ್ಚಿ, ಹೊಸ ಪೈಪ್ ಬಗ್ಗಿಸಿ, ಟಿ ಜಾಯಿಂಟ್ ಹಾಕಿ, ಹಿಂದಿನ ಬ್ರೇಕಿಗೆ ಕೈಯಲ್ಲಿ ತಿರುಗಿಸಿ ಹೊಂದಿಸುವ ಒಂದು ವಾಲ್ವ್ ಕೂರಿಸಿದರು. ಒಟ್ಟು 21,000 ರೂಪಾಯಿ ಆಯಿತು. ತೆಗೆದ ಘಟಕವನ್ನು ಬ್ರಾಕೆಟ್ ಸಮೇತ ತೂಗಿದೆ, ಮೂರೂವರೆ ಕಿಲೋ ಕೂಡ ಇಲ್ಲ. ತೂಕ ಇಳಿಸುವುದಕ್ಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಸ್ಟೆಪ್ನಿ ಇಳಿಸಿದರೆ ಅದರ ನಾಲ್ಕು ಪಟ್ಟು ಇಳಿಯುತ್ತದೆ.

ಆ ವಾಲ್ವ್ ಯಾಕೆ ಬೇಕು ಎನ್ನುವುದನ್ನು ಬಿಡಿಸಿ ಹೇಳಬೇಕು, ತುಂಬಾ ಜನ ಎಡವುವುದು ಇಲ್ಲೇ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಎರಡು ಕಡೆಗೂ ಒಂದೇ ಒತ್ತಡ ಕೊಟ್ಟರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯುತ್ತದೆ. ಹಳೇ ಗಾಡಿಗಳಲ್ಲಿ ಹಿಂದಿನ ಒತ್ತಡ ತಗ್ಗಿಸುವುದಕ್ಕೆ ಬೇರೆಯೇ ವಾಲ್ವ್ ಇರುತ್ತಿತ್ತು. ಇಬಿಡಿ (ಬ್ರೇಕಿನ ಒತ್ತಡವನ್ನು ಮುಂದೆ ಹಿಂದೆ ತಾನೇ ಹಂಚುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಆ ಕೆಲಸವನ್ನೂ ಎಬಿಎಸ್ ಘಟಕವೇ ಮಾಡುತ್ತದೆ. ಅಂದರೆ ಫ್ಯೂಸ್ ಕಿತ್ತು "ಎಬಿಎಸ್ ತೆಗೆದೆ" ಅಂದುಕೊಂಡವನು ಹಿಂದಿನ ಬ್ರೇಕಿನ ಕಡಿವಾಣವನ್ನೂ ಕಿತ್ತಿರುತ್ತಾನೆ.

ನಾವು ದೇವನಹಳ್ಳಿ ಕಡೆ ಮನೆ ಇನ್ನೂ ಏಳದ ಒಂದು ಲೇಔಟ್‌ನಲ್ಲಿ ಬೆಳಗಿನ ಜಾವ ಅದನ್ನು ಹೊಂದಿಸಿದೆವು. ನಾನು 60ರಲ್ಲಿ ಬಂದು ಬ್ರೇಕ್ ಒತ್ತುವುದು, ಗೆಳೆಯ ಪಕ್ಕದಲ್ಲಿ ನಿಂತು ಯಾವ ಚಕ್ರ ಮೊದಲು ನಿಲ್ಲುತ್ತದೆಂದು ನೋಡುವುದು. ಮುಂದಿನದು ಮೊದಲು, ಅದರ ಹಿಂದೆಯೇ ಹಿಂದಿನದು ಎನ್ನುವ ಹದಕ್ಕೆ ಬರುವಷ್ಟರಲ್ಲಿ ಇಪ್ಪತ್ತು ಸಲವಾದರೂ ಆಗಿತ್ತು.

ಮೊದಲ ಆರು ತಿಂಗಳು ನಿಜಕ್ಕೂ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಪೆಡಲ್ ಮಾತಾಡುತ್ತದೆ. ಒತ್ತುತ್ತಾ ಹೋದ ಹಾಗೆ ಮುಂದಿನ ಟೈರ್ ಮೊದಲು ಗುಂಯ್ ಅನ್ನುತ್ತದೆ, ಆಮೇಲೆ ದನಿ ಸಣ್ಣಗೆ ಕೀರಲಾಗುತ್ತದೆ, ಸ್ಟೀರಿಂಗ್ ಒಂದು ಎಳೆಯಷ್ಟು ಸಡಿಲ ಅನ್ನಿಸುತ್ತದೆ. ಲಾಕ್ ಆಗುವುದಕ್ಕೆ ಮುಂಚಿನ ಕೊನೆಯ ಮೆಟ್ಟಿಲು ಅದೇ. ಅಲ್ಲಿ ಪಾದ ಹಿಡಿದಿಟ್ಟುಕೊಳ್ಳುವುದನ್ನು ಕಲಿತೆ. ಎಬಿಎಸ್ ಇದ್ದಾಗ ಹತ್ತು ವರ್ಷದಲ್ಲಿ ಕಲಿಯದ್ದನ್ನು ಮೂರು ಟ್ರ್ಯಾಕ್ ದಿನದಲ್ಲಿ ಕಲಿತೆ. ಐಸ್ ಮೋಡ್ ಅಂತೂ ಇಲ್ಲವೇ ಇಲ್ಲ.

ಅದರ ಬೆಲೆಯೂ ಇದೆ. ನಾಲ್ಕನೇ ಟ್ರ್ಯಾಕ್ ದಿನ ಒಂದೇ ಒಂದು ಸಲ ಕಾಲು ಬಿರುಸಾಯಿತು. ಎಡ ಮುಂದಿನ ಚಕ್ರ ಲಾಕ್ ಆಗಿ ಅರ್ಧ ಸೆಕೆಂಡ್ ಹಾಗೇ ಜಾರಿತು. ಪಿಟ್‌ಗೆ ಬರುವಾಗ 60ರ ವೇಗದಲ್ಲಿ ದಡ್ ದಡ್ ದಡ್ ಎಂದು ಸೀಟಿನವರೆಗೂ ಪೆಟ್ಟು. ಇಳಿದು ನೋಡಿದರೆ ಟೈರಿನ ಮೇಲೆ ಅಂಗೈ ಅಗಲದ ಚಪ್ಪಟೆ ಜಾಗ, ನಡುವೆ ರಬ್ಬರ್ ಸವೆದು ನೂಲು ಕಾಣಿಸುತ್ತಿತ್ತು. ಒಂದು ಹೋದರೆ ಜೋಡಿಯನ್ನೇ ಬದಲಾಯಿಸಬೇಕು. ಮೂರು ವರ್ಷದಲ್ಲಿ ಹೀಗೆ ಎರಡು ಜೋಡಿ ಹೋಯಿತು.

ರಸ್ತೆಯ ವಿಷಯಕ್ಕೆ ಬರುತ್ತೇನೆ. ಬಿಸಿಲಿನಲ್ಲಿ ಖಾಲಿ ಹೈವೇಯಲ್ಲಿ ಯಾವ ತೊಂದರೆಯೂ ಕಾಣಿಸಲಿಲ್ಲ. ಮನೆಮಂದಿ ಕೂತು ಡಿಕ್ಕಿ ತುಂಬಿದಾಗ ಮಾತ್ರ ಗಾಡಿ ನಿಲ್ಲುವ ದೂರ ಜಾಸ್ತಿ ಆದದ್ದು ಗೊತ್ತಾಗುತ್ತಿತ್ತು. ಹಿಂದೆ ಭಾರ ಇದ್ದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡಬಹುದು. ಇಬಿಡಿ ಅದನ್ನು ತಾನೇ ಅರಿತು ಕೊಡುತ್ತದೆ, ಕೈವಾಲ್ವ್ ಲೇಔಟ್‌ನಲ್ಲಿ ತಿರುಗಿಸಿಟ್ಟ ಜಾಗದಲ್ಲೇ ಇರುತ್ತದೆ.

2021ರ ಜುಲೈನಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಟೈರ್ ರಸ್ತೆಯದ್ದೇ, ಹೊಸದೇ. ವೇಗ 40 ದಾಟಿರಲಿಲ್ಲ. ಹೆಂಡತಿ ಪಕ್ಕದಲ್ಲಿ, ಅಮ್ಮ ಹಿಂದೆ. ಮಳೆ ಜೋರು, ಮಂಜು ಬೇರೆ. ತಿರುವಿನಲ್ಲಿ ಎದುರಿಗೆ ಬಸ್ಸೊಂದು ಅಗಲವಾಗಿ ಬಂತು. ಎಡಕ್ಕೆ ಎಳೆದು ಬ್ರೇಕ್ ಒತ್ತಿದೆ. ಎಡಗಡೆಯ ಎರಡು ಚಕ್ರ ಅಂಚಿನ ಕೆಸರು, ಕೊಳೆತ ಎಲೆಯ ಮೇಲೆ, ಬಲಗಡೆಯವು ಡಾಂಬರಿನ ಮೇಲೆ. ಎಡ ಚಕ್ರ ಆ ಕ್ಷಣಕ್ಕೇ ಲಾಕ್. ಬಲಗಡೆಗೆ ಮಾತ್ರ ಹಿಡಿತ ಸಿಕ್ಕಿದ್ದರಿಂದ ಗಾಡಿಯ ಮೂತಿ ಬಲಕ್ಕೆ, ಬಸ್ಸಿನ ಕಡೆಗೇ ತಿರುಗತೊಡಗಿತು. ಬ್ರೇಕ್ ಬಿಟ್ಟೆ, ಗಾಡಿ ನೆಟ್ಟಗಾಯಿತು, ಮತ್ತೆ ಒತ್ತಿದೆ. ಬಸ್ಸು ದಾಟಿಕೊಂಡು ಹೋದಾಗ ನಮ್ಮ ಬಲಗಡೆಯ ಕನ್ನಡಿ ಮಡಚಿಕೊಂಡಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ, ಉಜಿರೆ ಬರುವವರೆಗೂ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದರು.

ನಾನು ಟ್ರ್ಯಾಕ್‌ನಲ್ಲಿ ಕಲಿತ ವಿದ್ಯೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬರುವುದು ಸಾಧ್ಯವೂ ಇಲ್ಲ. ನನಗೆ ಇರುವುದು ಒಂದು ಪೆಡಲ್, ಅದನ್ನು ಒತ್ತಿದರೆ ನಾಲ್ಕಕ್ಕೂ ಒತ್ತಡ ಹೋಗುತ್ತದೆ. ಎಡದ್ದಕ್ಕೆ ಬಿಟ್ಟು ಬಲದ್ದಕ್ಕೆ ಹಿಡಿ ಎಂದು ಯಾವ ಪಾದಕ್ಕೂ ಹೇಳಲಾಗದು. ಎಬಿಎಸ್ ಪ್ರತಿ ಚಕ್ರದ ವೇಗವನ್ನು ಬೇರೆ ಬೇರೆ ಅಳೆದು, ಜಾರುವ ಚಕ್ರದ ಒತ್ತಡವನ್ನಷ್ಟೇ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತದೆ. ಚಕ್ರ ತಿರುಗುತ್ತಿದ್ದರೆ ತಾನೇ ಸ್ಟೀರಿಂಗ್ ಮಾತು ಕೇಳುವುದು.

ಇದಾದ ಮೇಲೂ ಒಂದು ವರ್ಷ ಹಾಗೇ ಓಡಿಸಿದೆ, ಮಳೆಗಾಲದಲ್ಲಿ ಗಾಡಿ ತೆಗೆಯದೆ. ಮನಸ್ಸು ಗಟ್ಟಿ ಮಾಡಿಸಿದ್ದು ಬೇರೆ. 2022ರಲ್ಲಿ ಪ್ಯಾಡ್ ಬದಲಾಯಿಸಲು ಇನ್ನೊಂದು ಗ್ಯಾರೇಜಿಗೆ ಒಯ್ದಿದ್ದೆ. ಲಿಫ್ಟ್ ಕೆಳಗೆ ಟಾರ್ಚ್ ಹಿಡಿದ ಮೆಕ್ಯಾನಿಕ್ ಪೈಪ್‌ಗಳನ್ನೇ ಸುಮಾರು ಹೊತ್ತು ನೋಡಿದರು. "ಸಾರ್, ಹಿಂದಿನ ಎರಡನ್ನೂ ಒಂದೇ ಲೈನಿಗೆ ಸೇರ್ಸವ್ರೆ. ಮುಂದಿನ ಪೈಪ್ ಒಡೆದ್ರೆ ನಿಮ್ಗೆ ಏನ್ ಉಳೀತದೆ?"

ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ರೇಕಿನ ಎರಡು ಸರ್ಕ್ಯೂಟ್ ಕತ್ತರಿ ಹಾಕಿದ ಹಾಗೆ ಇರುತ್ತವೆ: ಎಡ ಮುಂದಿನದು ಬಲ ಹಿಂದಿನದರ ಜೊತೆ, ಬಲ ಮುಂದಿನದು ಎಡ ಹಿಂದಿನದರ ಜೊತೆ. ಒಂದು ಸೋರಿದರೂ ಒಂದು ಮುಂದಿನ ಬ್ರೇಕ್ ಉಳಿಯುತ್ತದೆ. ನನ್ನ ಗಾಡಿಗೆ ಹಾಕಿದ್ದು ಒಂದೇ ಪೈಪ್ ಹಾಯುವ ವಾಲ್ವ್. ಅದಕ್ಕೆ ಹೊಂದಲಿ ಎಂದು ಹಿಂದಿನ ಎರಡನ್ನೂ ಒಂದು ಸರ್ಕ್ಯೂಟ್‌ಗೆ, ಮುಂದಿನ ಎರಡನ್ನೂ ಇನ್ನೊಂದಕ್ಕೆ ಸೇರಿಸಿದ್ದರು. ಮುಂದಿನದು ಸೋರಿದ್ದರೆ ಉಳಿಯುತ್ತಿದ್ದದ್ದು ವಾಲ್ವ್‌ನಲ್ಲಿ ತಗ್ಗಿಸಿಟ್ಟ ಹಿಂದಿನ ಬ್ರೇಕ್ ಮಾತ್ರ. ಮೂರು ವರ್ಷ ಅಮ್ಮನನ್ನು, ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಓಡಾಡಿದ್ದೆ. ಕೆಲಸ ಮಾಡಿಸುವಾಗ ಕೇಳಬೇಕಾದ ಪ್ರಶ್ನೆ ಅದಾಗಿತ್ತು, ನಾನು ಕೇಳಿರಲಿಲ್ಲ.

ಮತ್ತೆ ಹಾಕಿಸುವುದು ತೆಗೆಸಿದ್ದಕ್ಕಿಂತ ಕಷ್ಟ. ಹಳೇ ಘಟಕವನ್ನು ಬಾಯಿ ಮುಚ್ಚಿ ಇಟ್ಟಿದ್ದರಿಂದ ಉಳಿದಿತ್ತು. ಪೈಪ್ ಎಲ್ಲ ಹೊಸದು, ಎರಡು ಸೆನ್ಸರ್ ಹೊಸದು. ಘಟಕದೊಳಗಿನ ಗಾಳಿ ಬರೀ ಪೆಡಲ್ ತುಳಿದರೆ ಪೂರ್ತಿ ಹೋಗುವುದಿಲ್ಲ, ಸ್ಕ್ಯಾನರ್ ಜೋಡಿಸಿ ಪಂಪ್ ಓಡಿಸಿ ಬ್ಲೀಡ್ ಮಾಡಬೇಕು. ಒಟ್ಟು 38,000 ರೂಪಾಯಿ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಅಪಘಾತವಾಗಿ ವಿಮೆಯವರು ಬಾನೆಟ್ ತೆರೆದರೆ ಉತ್ತರ ಕೊಡಬೇಕಾದವರು ನೀವೇ.

ಐಸ್ ಮೋಡ್‌ಗೆ ಈಗ ಏನು ಮಾಡಿದೆ ಎಂದರೆ, ಸ್ಪ್ರಿಂಗ್ ಒಂದು ಮಟ್ಟ ಮೆತ್ತಗಿನದು ಹಾಕಿಸಿದೆ, ಬ್ರೇಕನ್ನು ಒದೆಯುವ ಬದಲು ಒತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಆಮೇಲೆ ಮೂರು ಟ್ರ್ಯಾಕ್ ದಿನದಲ್ಲಿ ಒಂದೇ ಸಲ ಬಂತು.

ನಂಬರ್ ಪ್ಲೇಟ್ ಇಲ್ಲದೆ ಲಾರಿ ಮೇಲೆ ಟ್ರ್ಯಾಕ್‌ಗೆ ಹೋಗುವ ಗಾಡಿಯಾದರೆ ತೆಗೆಸಿ, ಎರಡು ಸರ್ಕ್ಯೂಟ್ ಬೇರೆ ಬೇರೆಯಾಗಿ ಹಾಯುವ ವಾಲ್ವ್ ಹಾಕಿಸಿ. ಜಲ್ಲಿ ಮಣ್ಣಿನ ರ‍್ಯಾಲಿಗೂ ಅರ್ಥವಿದೆ, ಅಲ್ಲಿ ಲಾಕ್ ಆದ ಚಕ್ರ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ. ನನ್ನ ವಾಲ್ವ್ ಇನ್ನೂ ಶೆಲ್ಫ್‌ನಲ್ಲಿದೆ. ಹೋದ ತಿಂಗಳು ಒಬ್ಬ ಹುಡುಗ ಕೊಳ್ಳಲು ಬಂದಿದ್ದ. ಗಾಡಿ ದಿನಾ ಆಫೀಸಿಗೆ ಹೋಗುವುದೇನಪ್ಪಾ ಎಂದು ಕೇಳಿದೆ. ಹೌದು ಅಂದ. ಕಾಫಿ ಕೊಟ್ಟು, ವಾಲ್ವ್ ಕೊಡದೆ ಕಳಿಸಿದೆ.